ಅಪ್‌ಡೇಟ್: ಭೋಪಾಲದಿಂದ ಸಾಂಚಿ, ಉದಯಗಿರಿ

ಸಾಂಚಿ, ಉದಯಗಿರಿ, ಭೀಮಬೇಟ್ಕಾಗಳನ್ನು ಭೋಪಾಲದಿಂದ ಒಂದೇ ದಿನದಲ್ಲಿ ನೋಡಬಹುದೇ ಎಂದು ಕೇಳಿದ್ದೆ. ಭೀಮಬೇಟ್ಕಾ ವಿರುದ್ಧ ದಿಕ್ಕಿನಲ್ಲಿದೆ, ಮರುದಿನಕ್ಕೆ ಇಟ್ಟುಕೊಳ್ಳಿ ಎಂದವರಿಗೆಲ್ಲ ಧನ್ಯವಾದಗಳು, ಹಾಗೆಯೇ ಮಾಡಿದೆವು. ಸಾಂಚಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಾದ್ದರಿಂದ ಗುರುವಾರವೇ ಹೊರಟೆವು.

ಸಾಂಚಿಯ ಮಹಾಸ್ತೂಪದ ದಕ್ಷಿಣ ತೋರಣದ (ಕೆತ್ತನೆಯ ಕಲ್ಲಿನ ಹೆಬ್ಬಾಗಿಲಿನ) ಮೇಲೆ, ಅಲ್ಲಿನ ಕೆತ್ತನೆ ವಿದಿಶೆಯ ದಂತಶಿಲ್ಪಿಗಳದ್ದೆಂದು ಹೇಳುವ ಬ್ರಾಹ್ಮೀ ಶಾಸನವಿದೆ. ಕಲ್ಲಿಗೆ ಅಷ್ಟು ನಯ ಹೇಗೆ ಬಂತೆಂಬುದು ಅದರಿಂದ ಅರ್ಥವಾಗುತ್ತದೆ. ಆದರೆ ಹೆಚ್ಚು ಸುಸ್ಥಿತಿಯಲ್ಲಿರುವುದು ಉತ್ತರ ತೋರಣ, ಸಮಯವಿಲ್ಲದವರು ಅಲ್ಲಿಯೇ ನಿಂತು ನೋಡುವುದು ಲೇಸು. ಬುದ್ಧನನ್ನು ಮನುಷ್ಯರೂಪದಲ್ಲಿ ಹುಡುಕಬೇಡಿ. ಈ ತೋರಣಗಳಲ್ಲಿ ಬೋಧಿವೃಕ್ಷ, ಧರ್ಮಚಕ್ರ, ಪಾದಮುದ್ರೆಗಳೇ ಅವನನ್ನು ಸೂಚಿಸುತ್ತವೆ.

ಮಧ್ಯಾಹ್ನ ಉದಯಗಿರಿಯ 5ನೇ ಗುಹೆಯ ಬೃಹತ್ ವರಾಹವನ್ನೂ, ವಿದಿಶೆಯಲ್ಲಿ ಗ್ರೀಕ್ ರಾಯಭಾರಿ ಹೆಲಿಯೊಡೋರಸ್ ವಾಸುದೇವನಿಗಾಗಿ ನಿಲ್ಲಿಸಿದ ಗರುಡಸ್ತಂಭವನ್ನೂ ಆತುರವಿಲ್ಲದೆ ನೋಡಿದೆವು.