ಸಮಸ್ಯೆ: "ಉಪ್ಪುಂಡ ಹೆಣವೆದ್ದು ಮನೆಯತ್ತ ನಡೆದುದೈ"

ಸಂಚಾಲಕ: ಈ ವಾರದ ಸಾಲು ಮೇಲಿದೆ, ಅದೇ ಕೊನೆಯ ಸಾಲಾಗುವಂತೆ ಪದ್ಯ ಹೊಸೆಯಿರಿ. ಪಂಚಮಾತ್ರಾ ಚೌಪದಿ (ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲು), ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ) ಕಡ್ಡಾಯ. ಬೇತಾಳ ಬೇಡ, ಕಳೆದ ಸಲ ಎಲ್ಲರೂ ವಿಕ್ರಮನ ಹೆಗಲೇರಿದ್ದೀರಿ. ಎದ್ದು ನಡೆಯುವ ಹೆಣ, ಜೊಂಬಿಯನ್ನು ತನ್ನಿ.

ಲಘುಗುರು:
ಸಪ್ಪೆಕೂಳನು ಬಡಿಸಿ ಕಬ್ಬುಗದ್ದೆಗೆ ಹೂಡೆ
ತಪ್ಪದೊಡೆಯನ ಬೆಸನ ಗೆಯ್ದುಗೆಯ್ದಿರುಳೆಲ್ಲ
ಚಪ್ಪರಿಸೆ ನಾಲಗೆಯಲೊಂದು ಹರಳಿನ ರುಚಿಯ
ಉಪ್ಪುಂಡ ಹೆಣವೆದ್ದು ಮನೆಯತ್ತ ನಡೆದುದೈ

ಕೆರಿಬಿಯನ್ ನಾಡಾದ ಹೈಟಿಯ ಜನಪದದ ಜೊಂಬಿ ಯಾರನ್ನೂ ಕಚ್ಚುವುದಿಲ್ಲ. ಬೋಕೋರ್ ಎಂಬ ಮಾಂತ್ರಿಕ ಗೋರಿಯಿಂದೆಬ್ಬಿಸಿ ದುಡಿಸಿಕೊಳ್ಳುವ ಜೀತದಾಳು ಅವನು. ಉಪ್ಪು ನಾಲಗೆಗೆ ತಾಗಿದರೆ ತಾನು ಸತ್ತದ್ದು ನೆನಪಾಗಿ ಗೋರಿಗೆ ಮರಳುತ್ತಾನೆ. ಇಲ್ಲಿ 'ಮನೆ' ಅದೇ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಗುಲಾಮರು ಸತ್ತ ನಾಡದು. 1804ರಲ್ಲಿ ಸ್ವತಂತ್ರವಾಯಿತು, ಸತ್ತ ಮೇಲೂ ದುಡಿಸಿಯಾರೆಂಬ ಭಯ ಮಾತ್ರ ಕಥೆಗಳಲ್ಲಿ ಉಳಿಯಿತು.

ಮುಕ್ತಕಪ್ರಿಯೆ: 'ಹೂಡೆ' ಸೊಗಸಾಗಿದೆ, ಎತ್ತಿಗೆ ಹೇಳುವ ಮಾತು. ನಮ್ಮಲ್ಲಿ ಉಪ್ಪುಂಡವನು ಒಡೆಯನಿಗೆ ಕಟ್ಟುಬೀಳುತ್ತಾನೆ, ಅಲ್ಲಿ ಬಿಡಿಸಿಕೊಂಡು ಹೋಗುತ್ತಾನೆ! ಒಂದು ಸವರಣೆ: ಬರೀ ಇರುಳೇಕೆ? 'ಗೆಯ್ದು ಹಗಲಿರುಳೆಲ್ಲ' ಎಂದರೂ ಮಾತ್ರೆ ಕೂಡುತ್ತದಲ್ಲ.

ಷಟ್ಪದಿ ಶೆಟ್ಟರು: ನನ್ನದು ನೈಜೀರಿಯಾದ ಲಾಗೋಸಿನಿಂದ.

ಕಪ್ಪುಹೊಗೆ ಮುಸುಕಿರಲು ಮಗನ ಮನೆ, ಮೇಲಿಂದೆ
ಚಪ್ಪಡಿಗೆ ಕೆಡಹೆ ತಾಯ್ ನರಳಿ ಬಲುದಿನಕಳಿಯೆ,
ಅಪ್ಪಣೆಯೊಳಾಳ್ವವನ ಹುಡುಕುತ್ತ ಕಂಬನಿಯ
ಉಪ್ಪುಂಡ ಹೆಣವೆದ್ದು ಮನೆಯತ್ತ ನಡೆದುದೈ

ಪದ್ಯದ ಮಗ ಹಾಡುಗಾರ ಫೇಲಾ ಕುಟಿ. ನೈಜೀರಿಯಾದ ಸೈನಿಕರನ್ನು 'ಜೊಂಬಿ' ಎಂದು ಹಾಡಿದವನು: ನಿಲ್ಲೆಂದರೆ ನಿಲ್ಲುವ, ಕೊಲ್ಲೆಂದರೆ ಕೊಲ್ಲುವ ಆಳುಗಳು. 1977ರ ಫೆಬ್ರವರಿ 18ರಂದು ಸುಮಾರು ಸಾವಿರ ಸೈನಿಕರು ಅವನ ಕಲಕುಟಾ ಮನೆಗೆ ನುಗ್ಗಿ ಸುಟ್ಟರು. ತಾಯಿ ಫುನ್ಮಿಲಾಯೊ ಹೆಂಗಸರನ್ನು ಸಂಘಟಿಸಿ ತೆರಿಗೆಯ ವಿರುದ್ಧ ಹೋರಾಡಿದ್ದ ಹಿರಿಯ ಜೀವ. ಅವರನ್ನು ಕಿಟಕಿಯಿಂದ ಎಸೆದರು. ಮರುವರ್ಷ ತೀರಿಕೊಂಡರು. ವಿಚಾರಣೆ ನಡೆಸಿದ ಸರ್ಕಾರ 'ಅಪರಿಚಿತ ಸೈನಿಕರು' ಮಾಡಿದ್ದೆಂದು ಕೈತೊಳೆದುಕೊಂಡಿತು. ಫೇಲಾ ತಾಯಿಯ ಶವಪೆಟ್ಟಿಗೆಯನ್ನು ಆಳುವ ಸೇನೆಯವರ ನೆಲೆಯಾದ ದೋಡನ್ ಬ್ಯಾರಕ್ಸ್‌ಗೇ ಒಯ್ದ.

ಮುಕ್ತಕಪ್ರಿಯೆ: ಶೆಟ್ಟರೇ, ಜೊಂಬಿ ಪದ್ಯದಲ್ಲಿ ಜೊಂಬಿಗಳೇ ಕಾಣುವುದಿಲ್ಲ!

ಷಟ್ಪದಿ ಶೆಟ್ಟರು: 'ಕೆಡಹೆ' ಎಂಬಲ್ಲಿ ಕರ್ತೃಪದ ಎಲ್ಲಿದೆ ನೋಡಿ. ಬೇಕೆಂದೇ ಬಿಟ್ಟಿದ್ದು. ಸರ್ಕಾರಕ್ಕೇ ಅವರು ಯಾರೆಂದು ಗೊತ್ತಾಗಲಿಲ್ಲವಂತೆ, ನನಗೆಲ್ಲಿ ಗೊತ್ತಾಗಬೇಕು?

ಸಂಚಾಲಕ: ನಡೆದದ್ದು ಹೆಣವಲ್ಲ, ಪೆಟ್ಟಿಗೆ ಎಂದು ಯಾರಾದರೂ ಎಳೆದಾರು, ನಾನಂತೂ ಎಳೆಯುವುದಿಲ್ಲ. ಕಂಬನಿಯ ಉಪ್ಪು ಸಮಸ್ಯೆಯನ್ನು ಬಿಡಿಸಿತು. ಸಿನಿಮಾ ಜೊಂಬಿಗೆ ಯಾರೂ ಇಲ್ಲವೇ?

ಲಘುಗುರು: 1968ರಲ್ಲಿ ಸಿನಿಮಾ ನಿರ್ದೇಶಕ ರೊಮೇರೊ ಎಬ್ಬಿಸಿದ ಹೆಣಗಳಿಗೆ ಉಪ್ಪೇ ಬೇಡ ಸರ್, ಮನುಷ್ಯರನ್ನು ಹಸಿಹಸಿ ತಿನ್ನುತ್ತವೆ. ಪ್ರಾಸಕ್ಕೆ 'ತುಪ್ಪ' ಇನ್ನೂ ಉಳಿದಿದೆ, ಸಂಜೆಯೊಳಗೆ ಹೊಸೆದು ಹಾಕುತ್ತೇನೆ.