ಎಎನ್‌ಎ ಒಮ್ಮೆ ಪಾಸಿಟಿವ್, ಒಮ್ಮೆ ನೆಗೆಟಿವ್: ಕಾಯಿಲೆಗೆ ಹೆಸರಿಲ್ಲ, ಮಾತ್ರೆ ಶುರು ಮಾಡಲೇ?

ಸಾಗರದ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 34, ಒಬ್ಬಳು ಮಗಳು. ಹೋದ ಮಳೆಗಾಲದಿಂದ ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ಬಿಸಿನೀರಿನಲ್ಲಿ ಇಟ್ಟುಕೊಂಡರೂ ಸರಿಹೋಗಲು ಒಂದು ಗಂಟೆ ಬೇಕು. ಮಗಳ ಜಡೆ ಈಗ ನಮ್ಮ ಯಜಮಾನರೇ ಹಾಕುತ್ತಾರೆ. ರೊಟ್ಟಿ ತಟ್ಟುವುದು ಬಿಟ್ಟೇಬಿಟ್ಟೆ. ಬಾಯಿ ಹುಣ್ಣು ಬಂದು ಹೋಗಿ ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಂಥಾ ಸುಸ್ತು ಅಂದರೆ, ರಾತ್ರಿಯೆಲ್ಲ ಮಲಗಿ ಎದ್ದರೂ ಹೋಗುವುದಿಲ್ಲ.

ಚಳಿ ಶುರುವಾದ ಮೇಲೆ ಇನ್ನೊಂದು ಸೇರಿಕೊಂಡಿದೆ. ತಣ್ಣೀರಿನಲ್ಲಿ ಪಾತ್ರೆ ತೊಳೆದರೆ ಬಲಗೈಯ ಎರಡು ಬೆರಳು ಬೆಳ್ಳಗೆ ಬಿಳಿಚಿಕೊಳ್ಳುತ್ತವೆ. ಎಲ್ಲಿಯವರೆಗೆ ಅಂತ ಪೆನ್ನಿನಲ್ಲಿ ಗೆರೆ ಎಳೆಯಬಹುದು, ಅಷ್ಟು ಸ್ಪಷ್ಟ. ಆಮೇಲೆ ನೀಲಿ, ಆಮೇಲೆ ಕೆಂಪಾಗಿ ಉರಿ. ಆ ಹೊತ್ತಿಗೆ ಕ್ಲಾಸ್ ಇದ್ದರೆ ಸೀಮೆಸುಣ್ಣ ಕೈಯಲ್ಲಿ ನಿಲ್ಲುವುದಿಲ್ಲ.

ಎಎನ್‌ಎ (ದೇಹ ತನ್ನದೇ ಜೀವಕೋಶಗಳ ವಿರುದ್ಧ ಮಾಡುವ ಆಂಟಿಬಾಡಿ ಹುಡುಕುವ ರಕ್ತ ಪರೀಕ್ಷೆ) ಮೊದಲು 1:160 ಪಾಸಿಟಿವ್. ಬೇರೆ ಲ್ಯಾಬಿನಲ್ಲಿ ಅದನ್ನೇ ಎಲೈಸಾ ವಿಧಾನದಲ್ಲಿ ಮಾಡಿದರು, ನೆಗೆಟಿವ್. ಆಮೇಲೆ ಮಂಗಳೂರಿನಲ್ಲಿ 1:320, ಸ್ಪೆಕಲ್ಡ್ (ಚುಕ್ಕೆ ಚುಕ್ಕೆ ಮಾದರಿ). ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ದಾಳಿ ಮಾಡುವ ಕಾಯಿಲೆ) ಇದೆಯಾ ಅಂತ ನೋಡುವ ಡಿಎಸ್‌ಡಿಎನ್‌ಎ ನೆಗೆಟಿವ್, ಸಿ3 ಸಿ4 ಸರಿ, ಸಂಧಿವಾತಕ್ಕೆ ನೋಡುವ ಆಂಟಿ ಸಿಸಿಪಿ ನೆಗೆಟಿವ್, ಥೈರಾಯ್ಡ್, ಬಿ12 ಸರಿ. ಉರಿಯೂತ ತೋರಿಸುವ ಇಎಸ್‌ಆರ್ ಸ್ವಲ್ಪ ಜಾಸ್ತಿ, 42. ಆಂಟಿಬಾಡಿಗಳನ್ನು ಒಂದೊಂದಾಗಿ ನೋಡುವ ಇಎನ್‌ಎ ಪಟ್ಟಿಯಲ್ಲಿ ಆರ್‌ಓ-52 ಅನ್ನುವ ಒಂದು ಮಾತ್ರ ಬಾರ್ಡರ್‌ಲೈನ್.

ರುಮಟಾಲಜಿ (ಕೀಲು-ವಾತದ) ಡಾಕ್ಟರ್ ಲೂಪಸ್‌ನ ಅಂಕಪಟ್ಟಿ ತೋರಿಸಿದರು. ಕೀಲಿಗೆ 6, ಬಾಯಿ ಹುಣ್ಣಿಗೆ 2. ಒಟ್ಟು 8. 10 ಆಗಬೇಕಂತೆ. ‘ಲೂಪಸ್ ಅನ್ನಲಾರೆ, ಏನೂ ಇಲ್ಲ ಅಂತಲೂ ಅನ್ನಲಾರೆ, ನೋಡ್ತಾ ಇರೋಣ’ ಅಂದರು. ಹೈಡ್ರಾಕ್ಸಿಕ್ಲೋರೋಕ್ವಿನ್ 200 ಮಿಲಿಗ್ರಾಂ ಮಾತ್ರೆ ಬರೆದಿದ್ದಾರೆ. ಕಣ್ಣು ಹೋಗುತ್ತದೆ ಅಂತ ಓದಿ ಇನ್ನೂ ಶುರು ಮಾಡಿಲ್ಲ. ಅತ್ತೆಯವರು ‘ಎಲ್ಲಾ ನೆಗೆಟಿವ್ ಬಂತಲ್ಲ, ಇನ್ನೇನು’ ಅನ್ನುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಅವರಿಗೆ ಅರ್ಥ ಮಾಡಿಸಲು ನನಗೇ ಬರುತ್ತಿಲ್ಲ.

ಬೆಂಗಳೂರಿಗೆ ಹೋಗಿ ಮತ್ತೊಮ್ಮೆ ಎಎನ್‌ಎ ಮಾಡಿಸಲೇ? ಮಾತ್ರೆ ತೆಗೆದುಕೊಳ್ಳಬಹುದಾ? ಇನ್ನೊಂದು ಮಗು ಬೇಕು ಅಂತಲೂ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಲ್ಯಾಬ್ ದಾವಣಗೆರೆ:

ಟೀಚರ್, ನಾನು ಲ್ಯಾಬ್ ಟೆಕ್ನಿಶಿಯನ್. ಚಿಕಿತ್ಸೆ ಬಗ್ಗೆ ಹೇಳುವುದಿಲ್ಲ, ನನ್ನ ಕೆಲಸದ್ದು ಮಾತ್ರ ಹೇಳುತ್ತೇನೆ. ನಿಮ್ಮ ಮೂರು ರಿಪೋರ್ಟ್ ಒಂದಕ್ಕೊಂದು ಜಗಳ ಆಡುತ್ತಿಲ್ಲ.

ನಿಮಗೆ 1:160, 1:320 ಬಂದಿದ್ದು ಐಎಫ್ಎ, ಅಂದರೆ ಹೊಳೆಯುವ ಬಣ್ಣ ಹಾಕಿ ನೋಡುವ ವಿಧಾನದಲ್ಲಿ. ಅದರಲ್ಲಿ ಗಾಜಿನ ಸ್ಲೈಡ್ ಮೇಲೆ ಹೆಪ್-2 ಅನ್ನುವ ಜೀವಕೋಶಗಳು ಇರುತ್ತವೆ. ನಿಮ್ಮ ಸೀರಮ್ಮನ್ನು ತೆಳು ಮಾಡುತ್ತಾ ಹೋಗಿ ಅದರ ಮೇಲೆ ಹಾಕುತ್ತೇವೆ. 1:80, 1:160, 1:320, ಹೀಗೆ ಪ್ರತಿ ಸಲ ದುಪ್ಪಟ್ಟು ತೆಳು. ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಹಸಿರು ಹೊಳಪು ಎಲ್ಲಿಯವರೆಗೆ ಕಾಣುತ್ತದೋ ಆ ಅಂಕಿ ಬರೆಯುತ್ತೇವೆ. ಎಷ್ಟೋ ಕಡೆ ಇದನ್ನು ಓದುವುದು ಮನುಷ್ಯರ ಕಣ್ಣೇ. ನಾನು 160 ಅಂದಿದ್ದನ್ನು ಪಕ್ಕದವರು 320 ಅನ್ನಬಹುದು, ಇಬ್ಬರದೂ ತಪ್ಪಲ್ಲ. ಹಾಗಾಗಿ ಅದನ್ನು ‘ಕಾಯಿಲೆ ಎರಡರಷ್ಟಾಯಿತು’ ಅಂತ ಓದಬೇಡಿ.

ಎಲೈಸಾದ ಲೆಕ್ಕ ಬೇರೆ. ಎಷ್ಟೋ ಕಿಟ್‌ಗಳಲ್ಲಿ ಆಯ್ದ ಕೆಲವು ಪ್ರೋಟೀನು ಮಾತ್ರ ಇರುತ್ತವೆ. ನಿಮ್ಮ ಆಂಟಿಬಾಡಿ ಆ ಸಾಲಿನಲ್ಲಿ ಇಲ್ಲದಿದ್ದರೆ ನೆಗೆಟಿವ್ ಬರುತ್ತದೆ.

ಇನ್ನೊಂದು. 1997ರಲ್ಲಿ ಪ್ರಕಟವಾದ ಹಲವು ಲ್ಯಾಬುಗಳ ಅಧ್ಯಯನದಲ್ಲಿ, ಏನೂ ತೊಂದರೆ ಇಲ್ಲದ ಜನರಲ್ಲೇ ನೂರಕ್ಕೆ ಸುಮಾರು 5 ಮಂದಿಗೆ 1:160ರಲ್ಲಿ, 3 ಮಂದಿಗೆ 1:320ರಲ್ಲಿ ಪಾಸಿಟಿವ್ ಬಂದಿತ್ತು. ಎಎನ್‌ಎ ಒಂದೇ ನೋಡಿ ಯಾರೂ ಏನೂ ತೀರ್ಮಾನ ಮಾಡಲು ಆಗುವುದಿಲ್ಲ. ಮತ್ತೆ ಮತ್ತೆ ಮಾಡಿಸುವುದು ದುಡ್ಡು ದಂಡ. ಬದಲಿಗೆ ಆರ್‌ಓ ಅನ್ನು ಬೇರೆ ವಿಧಾನದಲ್ಲಿ ಖಚಿತ ಮಾಡಬೇಕಾ ಅಂತ ಡಾಕ್ಟರನ್ನು ಕೇಳಿ, ಆರ್‌ಓ-60 ಸೇರಿಸಿ. ಪಟ್ಟಿ ಪರೀಕ್ಷೆಯಲ್ಲಿ ಬಾರ್ಡರ್‌ಲೈನ್ ಗೆರೆ ಸುಮ್ನೆ ಬರುವುದೂ ಉಂಟು. ಅಂದಹಾಗೆ, ಇದೆಲ್ಲ ಶುರುವಾಗುವ ಮೊದಲು ಚಿಕೂನ್‌ಗುನ್ಯಾ ಥರ ಜ್ವರ ಬಂದಿತ್ತಾ? ಅದರ ಕೀಲುನೋವು ತಿಂಗಳುಗಟ್ಟಲೆ ಇರುತ್ತದೆ. ಬಂದಿದ್ದರೆ ಡಾಕ್ಟರಿಗೆ ಹೇಳಿ.

ಧಾರವಾಡ ಮಂದಿ:

ಅಕ್ಕಾರೆ, ನಮ್ಮ ಅವ್ವನಿಗೂ ಕೈ ಬೆರಳು ಹೀಗೇ ಹಿಡಿದಿತ್ತು. ಒಬ್ಬರು ಪುಡಿ ಕೊಟ್ಟರು, ವಾರದಲ್ಲಿ ನೋವು ಮಾಯ. ಬೇಕಿದ್ದರೆ ಅಡ್ರೆಸ್ ಕೊಡುತ್ತೇನೆ.

ಮೈಸೂರು ಮಲ್ಲಿಗೆ ತೋಟ:

ಧಾರವಾಡದ ಅಣ್ಣ, ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೆ ವಾರದಲ್ಲಿ ಕೀಲುನೋವು ಮಾಯ ಅಂದರೆ ನನಗೆ ಭಯ ಆಗುತ್ತದೆ. ಇಂಥ ಕೆಲವು ಪುಡಿಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ತಿಂಗಳುಗಟ್ಟಲೆ ತಿಂದು ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅವ್ವ ಇನ್ನೂ ತಿನ್ನುತ್ತಿದ್ದರೆ ತಾವಾಗೇ ನಿಲ್ಲಿಸುವುದು ಬೇಡ, ಪುಡಿಯನ್ನೇ ಡಾಕ್ಟರಿಗೆ ತೋರಿಸಿ.

ಟೀಚರ್, ನಿಮ್ಮದೇ ದಾರಿಯಲ್ಲಿ ನಾನು ವರ್ಷಗಳಿಂದ ಇದ್ದೇನೆ. ನನ್ನ ಫೈಲಿನ ಮೇಲೆ ‘ಯುಸಿಟಿಡಿ’ ಅಂತ ಬರೆದಿದ್ದಾರೆ. ಲಕ್ಷಣ ಇದೆ, ರಕ್ತದಲ್ಲೂ ಸುಳಿವಿದೆ, ಆದರೆ ಲೂಪಸ್, ಶೋಗ್ರೆನ್ (ಕಣ್ಣು, ಬಾಯಿ ಒಣಗುವ ಕಾಯಿಲೆ) ಯಾವುದಕ್ಕೂ ಪೂರ್ತಿ ಸೇರುವುದಿಲ್ಲ. ನನ್ನ ಡಾಕ್ಟರ್ ಹೇಳಿದಂತೆ ಸುಮಾರು ಮೂವರಲ್ಲಿ ಒಬ್ಬರಿಗೆ ಮುಂದೆ ಒಂದು ಖಚಿತ ಕಾಯಿಲೆ ಆಗುತ್ತದೆ, ಅದೂ ಹೆಚ್ಚಾಗಿ ಮೊದಲ 5 ವರ್ಷದೊಳಗೆ. ಉಳಿದವರು ಹೀಗೇ ಇರುತ್ತಾರೆ, ಕೆಲವರಿಗೆ ಇಳಿದೂ ಹೋಗುತ್ತದೆ. ನಾನು ಹೀಗೇ ಇರುವವಳು.

ಆ 10 ಅಂಕದ ಪಟ್ಟಿ 2019ರದು. ಸಂಶೋಧನೆಗೆ ಒಂದೇ ಥರದ ರೋಗಿಗಳನ್ನು ಆರಿಸಲು ಮಾಡಿದ್ದು. 8 ಬಂದವರ ನೋವು ಸುಳ್ಳು ಅಂತ ಅದು ಹೇಳುವುದಿಲ್ಲ. ಚಿಕಿತ್ಸೆ ಕೊಡಲು 10 ಆಗಲೇಬೇಕು ಅಂತಲೂ ಇಲ್ಲ, ನಿಮ್ಮ ಡಾಕ್ಟರ್ ಮಾತ್ರೆ ಬರೆದಿದ್ದಾರಲ್ಲ.

ಕಣ್ಣಿನ ಭಯ ನನಗೂ ಇತ್ತು. ತೂಕಕ್ಕೆ ತಕ್ಕ ಡೋಸ್, ದಿನಕ್ಕೆ ಕೆಜಿಗೆ 5 ಮಿಲಿಗ್ರಾಂ ದಾಟದ ಹಾಗೆ ಇದ್ದರೆ ಮೊದಲ ವರ್ಷಗಳಲ್ಲಿ ರೆಟಿನಾಕ್ಕೆ ತೊಂದರೆ ತುಂಬಾ ಅಪರೂಪ. ಶುರುವಿನಲ್ಲಿ ಒಮ್ಮೆ ಕಣ್ಣು ತೋರಿಸಿಕೊಳ್ಳಿ. 5 ವರ್ಷ ಆದಮೇಲೆ ವರ್ಷಕ್ಕೊಮ್ಮೆ. ಕಿಡ್ನಿ ತೊಂದರೆ ಇದ್ದವರಿಗೆ ಮೊದಲೇ ಬೇಕಾಗುತ್ತದೆ. ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕು, ಹದಿನೈದು ದಿನಕ್ಕೇ ಬಿಡಬೇಡಿ. ನನಗೆ ಬೆರಳಿನ ಬಿಗಿ ಅರ್ಧದಷ್ಟು ಇಳಿಯಿತು. ಸುಸ್ತು ಹೋಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮಗುವಿನ ವಿಷಯ ಈಗಲೇ ಡಾಕ್ಟರಿಗೆ ಹೇಳಿ. ಆರ್‌ಓ ನಿಜವಾಗಿ ಪಾಸಿಟಿವ್ ಇದ್ದರೆ ನೂರಕ್ಕೆ ಒಂದೆರಡು ಬಸುರಿಯರಲ್ಲಿ ಮಗುವಿನ ಎದೆಬಡಿತಕ್ಕೆ ತಡೆ ಬರುತ್ತದೆ. ಅದಕ್ಕೇ ಮೊದಲೇ ಗೊತ್ತಿರಬೇಕು. ಈ ಮಾತ್ರೆಯನ್ನು ಬಸುರಿನಲ್ಲೂ ಮುಂದುವರಿಸುತ್ತಾರೆ.

ಮತ್ತೆ, ರಕ್ತಕ್ಕಿಂತ ಜಾಸ್ತಿ ಮೂತ್ರ ಪರೀಕ್ಷೆ ಮರೆಯಬೇಡಿ. ಕಿಡ್ನಿಗೆ ತಾಗಿದರೆ ಮೊದಮೊದಲು ನೋವೇ ಇರುವುದಿಲ್ಲ. ಮೂತ್ರದಲ್ಲಿ ನೊರೆ, ಕಾಲು ಊತ, ಉಸಿರೆಳೆದಾಗ ಎದೆನೋವು, ಬಿಸಿಲಿಗೆ ಮುಖದ ಮೇಲೆ ಗಂಧೆ, ಇದರಲ್ಲಿ ಯಾವುದು ಬಂದರೂ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ.

ಹಾಸನದ ಸೊಸೆ:

ಮುಂದಿನ ಸಲ ಅತ್ತೆಯವರನ್ನೂ ಕರೆದುಕೊಂಡು ಹೋಗಿ ಅಕ್ಕ. ನಮ್ಮ ಅತ್ತೆಗೆ ನಾನು ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ. ಡಾಕ್ಟರ್ ನನ್ನ ಬೆರಳಿನ ಗಂಟು ಒತ್ತಿ ತೋರಿಸಿದ ದಿನದಿಂದ ಬೆಳಗಿನ ಪಾತ್ರೆ ಅವರದು.

ಸಾಗರದ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಜ್ವರ ಬಂದಿರಲಿಲ್ಲ ಸರ್. ಡಾಕ್ಟರಿಗೆ ತೋರಿಸಲು ಬಿಳಿಯಾದ ಬೆರಳಿನ ಫೋಟೋ ಇವತ್ತೇ ತೆಗೆದಿಟ್ಟೆ. ಸೋಮವಾರ ಕಣ್ಣು ತೋರಿಸಿ ಮಾತ್ರೆ ಶುರು ಮಾಡುತ್ತೇನೆ. ಬೆಂಗಳೂರು ಬೇಡ. ಒಂದೇ ಪ್ರಶ್ನೆ, ಚಳಿಯಲ್ಲಿ ಬೋರ್ಡ್ ಮೇಲೆ ಬರೆಯುವಾಗ ಕೈಗೆ ಏನು ಮಾಡಲಿ?

ಮೈಸೂರು ಮಲ್ಲಿಗೆ ತೋಟ:

ಕೈಗಿಂತ ಮೊದಲು ಮೈ ಬೆಚ್ಚಗಿರಬೇಕು. ಸ್ವೆಟರ್, ಕಾಲುಚೀಲ ಹಾಕಿಕೊಂಡೇ ಹೋಗಿ. ಬೆರಳ ತುದಿ ಬಿಟ್ಟ ಉಣ್ಣೆ ಗ್ಲೌಸ್ ಹಾಕಿಕೊಂಡರೆ ಸೀಮೆಸುಣ್ಣ ಹಿಡಿಯಲು ಬರುತ್ತದೆ. ಬಿಳಿಯಾದಾಗ ಕುದಿಯುವ ನೀರಿಗೆ ಅದ್ದಬೇಡಿ, ಮರಗಟ್ಟಿದ ಬೆರಳಿಗೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಕಂಕುಳಲ್ಲಿ ಇಟ್ಟುಕೊಳ್ಳಿ. ನೆಗಡಿ ಆದರೆ ಅಂಗಡಿಯಲ್ಲಿ ಸುಮ್ನೆ ಮಾತ್ರೆ ತೆಗೆದುಕೊಳ್ಳಬೇಡಿ. ಅವುಗಳಲ್ಲಿ ಎಷ್ಟೋ ಕಡೆ ಫಿನೈಲ್‌ಎಫ್ರಿನ್ ಇರುತ್ತದೆ, ಅದು ರಕ್ತನಾಳವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮಾತ್ರೆ ಪಟ್ಟಿಯ ಹಿಂದೆ ಏನೇನಿದೆ ಅಂತ ಓದಿಯೇ ತೆಗೆದುಕೊಳ್ಳಿ.