ಮಳೆಗೆ ಹಾಳಾದ ಕನ್ನಡ ಟೈಪ್‌ರೈಟರ್: ರಿಪೇರಿ ಮಾಡಿಸಿದರೆ ಬೆಲೆ ಕುಗ್ಗುವುದೇ?

ಪ್ರಶ್ನೆ (ಗದಗ)

ನಮ್ಮ ತಂದೆಯವರು ಗದಗಿನಲ್ಲಿ ನಡೆಸುತ್ತಿದ್ದ ಟೈಪಿಂಗ್ ಶಾಲೆಯ ಯಂತ್ರಗಳ ಪೈಕಿ ಮನೆಯಲ್ಲಿ ಉಳಿದಿರುವುದು ಒಂದು ಗೋದ್ರೇಜ್ ಕನ್ನಡ ಟೈಪ್‌ರೈಟರ್ ಮಾತ್ರ. ಕಳೆದ ಮಳೆಗಾಲದಲ್ಲಿ ಅಟ್ಟ ಸೋರಿ ಅದರ ಮೈಮೇಲೆ ಅಲ್ಲಲ್ಲಿ ತುಕ್ಕು ಹಿಡಿದಿದೆ, ಕ್ಯಾರೇಜ್ (ಕಾಗದ ಹಿಡಿದು ಅತ್ತಿತ್ತ ಸರಿಯುವ ಭಾಗ) ಸರಿಯುತ್ತಿಲ್ಲ, ಹತ್ತಾರು ಅಕ್ಷರಗಳು ಮೇಲೆದ್ದರೆ ಕೆಳಗಿಳಿಯುವುದಿಲ್ಲ. ತೋರಿಸಿದಾಗ ಮೆಕ್ಯಾನಿಕ್ ಒಬ್ಬರು, ಇಡೀ ಯಂತ್ರಕ್ಕೆ ಹೊಸ ಬಣ್ಣ ಹೊಡೆದು ಕನ್ನಡದ ಅಚ್ಚುಗಳನ್ನು ತೆಗೆದು ಇಂಗ್ಲಿಷಿನವನ್ನು ಕೂಡಿಸಿದರೆ ಒಳ್ಳೆಯ ಬೆಲೆಗೆ ಹೋಗುತ್ತದೆ ಎಂದರು. ಮನಸ್ಸು ಒಪ್ಪುತ್ತಿಲ್ಲ. ಮಾರಲೇಬೇಕಾದ ಪರಿಸ್ಥಿತಿಯಿರುವುದರಿಂದ ತಿಳಿದವರು ದಾರಿ ತೋರಿಸಬೇಕೆಂದು ವಿನಂತಿ.

ಉತ್ತರ (ಧಾರವಾಡ)

ದಯವಿಟ್ಟು ಅಚ್ಚುಗಳನ್ನು ತೆಗೆಸಬೇಡಿ. ಅವು ಕೀಲಿ ಒತ್ತಿದಾಗ ಮೇಲೇಳುವ ಕಂಬಿಗಳ ತುದಿಗೆ ಬೆಸುಗೆಯಾಗಿರುತ್ತವೆ. ಒಮ್ಮೆ ಕಿತ್ತರೆ ಸಾಲು ನೇರವಾಗಿ ಬರುವಂತೆ ಮತ್ತೆ ಕೂಡಿಸುವ ಕೈಗಳು ಈಗ ಬಹಳ ಕಡಿಮೆ.

ನಾನು ಧಾರವಾಡದ ಕೋರ್ಟಿನ ಬಳಿ ಇಪ್ಪತ್ತೆರಡು ವರ್ಷ ಟೈಪ್ ಮಾಡಿದವನು. ಕ್ಯಾರೇಜನ್ನು ಕೈಯಿಂದ ಬಲಕ್ಕೆ ತಳ್ಳಿ ನೋಡಿರಿ: ಸಲೀಸಾಗಿ ಸರಿದು, ಕೀಲಿ ಒತ್ತಿದಾಗ ಎಡಕ್ಕೆ ಬಾರದಿದ್ದರೆ, ಅದನ್ನು ಎಳೆಯುವ ಪಟ್ಟಿ ಹರಿದಿರುತ್ತದೆ ಅಥವಾ ಆ ಪಟ್ಟಿ ಸುತ್ತಿಕೊಳ್ಳುವ ಡಬ್ಬಿಯೊಳಗಿನ ಸ್ಪ್ರಿಂಗ್ ಸಡಿಲಾಗಿರುತ್ತದೆ. ಪಟ್ಟಿಯ ಬದಲಿಗೆ ಗಟ್ಟಿಯಾದ ಮೀನುಗಾಳದ ದಾರವೂ ನಡೆಯುತ್ತದೆ, ಆದರೆ ಡಬ್ಬಿಯನ್ನು ಕೈಬಿಟ್ಟರೆ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡು ಬೆರಳಿಗೆ ಪೆಟ್ಟಾಗುತ್ತದೆ. ಅಕ್ಷರಗಳು ಸಿಕ್ಕಿಕೊಳ್ಳುವುದಕ್ಕೆ ಮುಖ್ಯ ಕಾರಣ, ಕಂಬಿಗಳು ಕೂರುವ ಸೀಳುಗಳಲ್ಲಿ ಹಳೆಯ ಎಣ್ಣೆ ಅಂಟಾಗಿ ಹೆಪ್ಪುಗಟ್ಟಿರುವುದು. ಟರ್ಪೆಂಟೈನ್‌ನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ, ಕಿಟಕಿ ತೆರೆದು, ಬೆಂಕಿಯಿಂದ ದೂರವಿಟ್ಟು ತೊಳೆಯಿರಿ. ಬಣ್ಣಕ್ಕೆ ಅದು ತಾಗದಂತೆ ಬಟ್ಟೆ ಹೊದಿಸಿರಿ. ಆಮೇಲೆ ಅಲ್ಲಿ ಎಣ್ಣೆ ಹಾಕಲೇಬೇಡಿ, ಕೊಬ್ಬರಿ ಎಣ್ಣೆಯನ್ನಂತೂ ಸರ್ವಥಾ ಬೇಡ. ಇನ್ನೊಂದು ಮಾತು: ಕನ್ನಡ ಯಂತ್ರದಲ್ಲಿ ಕೆಲವು ಕೀಲಿಗಳನ್ನು ಒತ್ತಿದಾಗ ಕ್ಯಾರೇಜ್ ಮುಂದೆ ಹೋಗದಿರುವುದು ದೋಷವಲ್ಲ, ಹಿಂದಿನ ಅಕ್ಷರಕ್ಕೆ ಒತ್ತು ಸೇರಲೆಂದೇ ಹಾಗೆ ಮಾಡಿದ್ದಾರೆ.

ಉತ್ತರ (ಹುಬ್ಬಳ್ಳಿ)

ಹಳೆಯ ಯಂತ್ರಗಳನ್ನು ಕೊಂಡು ಮಾರುವವನಾಗಿ ಬೆಲೆಯ ಬಗ್ಗೆ ಹೇಳುತ್ತೇನೆ. ಗೋದ್ರೇಜ್ 1955ರಲ್ಲಿ ಟೈಪ್‌ರೈಟರ್ ತಯಾರಿಕೆ ಆರಂಭಿಸಿ ಹಲವು ದಶಕ ನಡೆಸಿದ್ದರಿಂದ ಇಂಗ್ಲಿಷ್ ಯಂತ್ರಗಳು ಇಂದಿಗೂ ಧಾರಾಳವಾಗಿ ಸಿಗುತ್ತವೆ. ಕೆ. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯಿಂದ ಬೆಳೆದ ಕನ್ನಡ ಯಂತ್ರ ಹಾಗಲ್ಲ. ನಿಮ್ಮ ಯಂತ್ರವನ್ನು ಹುಡುಕಿಕೊಂಡು ಬರುವವರು ಅದರ ಕನ್ನಡಕ್ಕಾಗಿಯೇ ಬರುತ್ತಾರೆ. ಹೊಸ ಬಣ್ಣವೂ ಬೇಡ. ಮೂಲ ಬಣ್ಣ ಮತ್ತು ಹೆಸರಿನ ಗುರುತು ಸವೆದಿದ್ದರೂ ಸಂಗ್ರಾಹಕರು ಅದನ್ನೇ ಮೆಚ್ಚುತ್ತಾರೆ, ಬಣ್ಣಕ್ಕೆ ಸುರಿದ ಹಣ ಮಾರುವಾಗ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ತುಕ್ಕನ್ನು ಮೆತ್ತಗೆ ಉಜ್ಜಿ ನಿಲ್ಲಿಸಿದರೆ ಸಾಕು. ಚಲಿಸುವ ಭಾಗಗಳ ರಿಪೇರಿ ಮಾತ್ರ ಬೆಲೆಯನ್ನು ಏರಿಸುತ್ತದೆ, ಏಕೆಂದರೆ ಒಂದು ಸಾಲು ಟೈಪ್ ಮಾಡಿ ತೋರಿಸಬಲ್ಲ ಯಂತ್ರಕ್ಕೂ ಕಪಾಟಿನ ಮೇಲಿನ ಅಲಂಕಾರಕ್ಕೂ ಗಿರಾಕಿಗಳೇ ಬೇರೆ. ಬದಲಿಸಿದ ಹಳೆಯ ಬಿಡಿಭಾಗಗಳನ್ನು ಚೀಟಿ ಬರೆದು ಯಂತ್ರದ ಜೊತೆಗೇ ಕೊಡಿರಿ, ಏನು ಮಾಡಿಸಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ.

ಮರುಉತ್ತರ (ಗದಗ)

ಇಬ್ಬರಿಗೂ ಕೃತಜ್ಞತೆಗಳು. ಪಟ್ಟಿಯೇ ಹರಿದಿತ್ತು, ದಾರ ಕಟ್ಟಿದ ಮೇಲೆ ಕ್ಯಾರೇಜ್ ಸರಿಯುತ್ತಿದೆ. ಸೀಳುಗಳನ್ನು ತೊಳೆದ ನಂತರ ಮೂರು ಅಕ್ಷರಗಳು ಮಾತ್ರ ಇನ್ನೂ ತಡೆಯುತ್ತಿವೆ. ಬಣ್ಣದ ವಿಚಾರ ಕೈಬಿಟ್ಟಿದ್ದೇನೆ. ಅರ್ಧ ಇಂಚಿನ ರಿಬ್ಬನ್ ಹುಬ್ಬಳ್ಳಿಯಲ್ಲಿ ಈಗಲೂ ಎಲ್ಲಿ ಸಿಗುತ್ತದೆ ಎಂದು ತಿಳಿಸಿದರೆ, ಮಾರುವ ಮುನ್ನ ತಂದೆಯವರ ಕೈಯಿಂದ ಒಂದು ಪುಟ ಟೈಪ್ ಮಾಡಿಸಿ ಇಟ್ಟುಕೊಳ್ಳುವ ಆಸೆಯಿದೆ.